ಸುಮ್ಮನಿರದ ಕೈಗಳ ಚರಿತ್ರೆ

ಮೀಟಿಂಗ್‌ನಲ್ಲಿ ಕೂತು ಪೆನ್ನನ್ನು ಟಿಕ್ ಟಿಕ್ ಅನ್ನಿಸುವವರ ಜಾತಿಗೆ ಸೇರಿದವನು ನಾನು. ನಿಮ್ಮಲ್ಲೂ ಕೆಲವರಿದ್ದೀರಿ, ಗೊತ್ತು :-) ತಲೆ ಓಡುತ್ತಿರುವಷ್ಟು ಹೊತ್ತೂ ಬೆರಳಿಗೊಂದು ಕೆಲಸ ಬೇಕು. ಹಿಂದಿನ ಕಂಪನಿಯಲ್ಲಿ ಅಪ್ರೈಸಲ್ ಹೊತ್ತಿಗೆ ಮ್ಯಾನೇಜರು "ಕ್ಲೈಂಟ್ ಮುಂದೆ ತುಂಬಾ ನರ್ವಸ್ ಆಗಿ ಕಾಣಿಸ್ತೀರ" ಅಂದರು. ಕೋಡ್ ಬಗ್ಗೆ ಒಂದೂ ದೂರಿಲ್ಲ, ದೂರೆಲ್ಲ ಕೈಯ ಬಗ್ಗೆ! ರೇಟಿಂಗ್ ಒಂದು ಮೆಟ್ಟಿಲು ಇಳಿಯಿತು. ಸರಿ, ದೊಡ್ಡವರು ಮರ್ಯಾದೆಯಿಂದ ಕೈಯಲ್ಲಿ ಆಡಿಸಬಹುದಾದ 'ಫಿಡ್ಜೆಟ್' ಯಾವುದಿದೆ ಅಂತ ಹುಡುಕಲು ಹೊರಟೆ. ಅಂಗಡಿಗಿಂತ ಹೆಚ್ಚು ಹೊತ್ತು ಚರಿತ್ರೆಯಲ್ಲೇ ಅಲೆದೆ.

ಕೈ ಆಡಿಸುವವನ ಮೇಲಿನ ಅನುಮಾನ ಹೊಸದೇನಲ್ಲ. ಹರ್ಮನ್ ವೂಕ್ 1951ರಲ್ಲಿ ಬರೆದ 'ದಿ ಕೇನ್ ಮ್ಯೂಟಿನಿ' ಕಾದಂಬರಿಯಲ್ಲಿ ಕ್ವೀಗ್ ಅಂತ ಒಬ್ಬ ಹಡಗಿನ ಕ್ಯಾಪ್ಟನ್. ಒತ್ತಡ ಬಂದಾಗ ಎರಡು ಉಕ್ಕಿನ ಗುಂಡುಗಳನ್ನು ಅಂಗೈಯಲ್ಲಿ ಉರುಳಿಸುವುದು ಅವನ ಅಭ್ಯಾಸ. 1954ರ ಸಿನಿಮಾದಲ್ಲಿ ಆ ಪಾತ್ರ ಹಂಫ್ರಿ ಬೋಗಾರ್ಟ್‌ನದು. ಕೋರ್ಟ್ ಮಾರ್ಷಲ್‌ನಲ್ಲಿ ಸಾಕ್ಷಿ ಹೇಳುತ್ತಾ ಹೇಳುತ್ತಾ ಆ ಗುಂಡುಗಳು ಹೊರಬರುತ್ತವೆ, ಅಲ್ಲಿಗೆ ಅವನ ಕಥೆ ಮುಗಿದಂತೆ. ಅಂಥವೇ ಎರಡು ಗುಂಡುಗಳನ್ನು ಚೀನಾದ ಹೆಬೇ ಪ್ರಾಂತ್ಯದ ಬಾವೋಡಿಂಗ್‌ನಲ್ಲಿ ವಯಸ್ಸಾದವರು ಬೆರಳಿಗೆ ವ್ಯಾಯಾಮ ಅಂತ ತಿರುಗಿಸುತ್ತಾರೆ. ಊರಿನ ಹೆಸರನ್ನೇ ಹೊತ್ತ ಗುಂಡುಗಳು ಅವು. ಅಲ್ಲಿ ಆರೋಗ್ಯ, ಹಾಲಿವುಡ್‌ನಲ್ಲಿ ಹುಚ್ಚು!

ನನಗೆ ಕೇಳಿದರೆ ಈ ವಿದ್ಯೆಯಲ್ಲಿ ಗುರುಗಳು ಗ್ರೀಕರು. ಅವರ 'ಕೊಂಬೊಲೋಯಿ' ನೋಡಲು ಜಪಮಾಲೆಯಂತೆಯೇ ಇರುತ್ತದೆ. ಅಥೋಸ್ ಬೆಟ್ಟದ ಸನ್ಯಾಸಿಗಳು ಪ್ರಾರ್ಥನೆಗೆ ಬಳಸುವ ಗಂಟಿನ ದಾರದಿಂದ ಬಂತು ಅನ್ನುವವರಿದ್ದಾರೆ, ತುರ್ಕರ ತಸ್ಬೀಹ್‌ನಿಂದ ಬಂತು ಅನ್ನುವವರೂ ಇದ್ದಾರೆ. ಎಲ್ಲಿಂದಲೇ ಬಂದಿರಲಿ, ಗ್ರೀಕರು ಅದರಿಂದ ದೇವರನ್ನೂ ಎಣಿಕೆಯನ್ನೂ ತೆಗೆದುಹಾಕಿದರು. ನಮ್ಮ ಮಾಲೆಗೆ 108ರ ಲೆಕ್ಕ, ತಸ್ಬೀಹ್‌ಗೆ 33 ಇಲ್ಲವೇ 99. ಕೊಂಬೊಲೋಯಿಗೆ ಅಂಥ ಕಟ್ಟುನಿಟ್ಟಿಲ್ಲ; ಸಾಮಾನ್ಯವಾಗಿ ಬೆಸಸಂಖ್ಯೆ, ಬಹಳ ಸಲ ನಾಲ್ಕರ ಗುಣಕಕ್ಕೆ ಒಂದು ಸೇರಿಸಿದಷ್ಟು ಮಣಿ. ನನ್ನೊಳಗಿನ ಇಂಜಿನಿಯರ್‌ಗೆ ಹಿಡಿಸಿದ್ದು ಬೇರೆ ಸಂಗತಿ. ದಾರದ ತುಂಬ ಮಣಿ ತುಂಬುವುದಿಲ್ಲ, ಬೇಕೆಂದೇ ಒಂದಿಷ್ಟು ದಾರ ಖಾಲಿ ಬಿಡುತ್ತಾರೆ. ಮಣಿ ಜಾರಬೇಕು, ಇನ್ನೊಂದಕ್ಕೆ ತಾಗಿ ನಿಲ್ಲಬೇಕು. ಇಡೀ ಯಂತ್ರ ಇರುವುದೇ ಆ ಖಾಲಿ ಜಾಗದಲ್ಲಿ.

ಆಡಿಸುವುದರಲ್ಲೂ ಎರಡು ಬಗೆ. ಹೊರಗೆ, ಕಾಫಿ ಅಂಗಡಿಯಲ್ಲಿ, ಬೆರಳ ಸಂದಿಯಲ್ಲಿ ಸಿಕ್ಕಿಸಿ ಬೀಸಿ ಟಕ್ ಅಂತ ಹೊಡೆಯುವುದು. ನಾಲ್ಕು ಜನರ ನಡುವೆ ಒಳಗೆ ಕೂತಿದ್ದರೆ ಒಂದೊಂದೇ ಮಣಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸರಿಸುವುದು. ವಸ್ತು ಒಂದೇ, ಸಭ್ಯತೆ ಎರಡು. ಅಂಬರ್‌ಗೆ, ಅಂದರೆ ಲಕ್ಷಾಂತರ ವರ್ಷ ಹೂತು ಗಟ್ಟಿಯಾದ ಮರದ ಅಂಟಿಗೆ, ಬೆಲೆ ಹೆಚ್ಚು. ಹಗುರ, ಕೈಗೆ ತಣ್ಣಗೆ ಕೊರೆಯುವುದಿಲ್ಲ, ಶಬ್ದವೂ ಮೆತ್ತಗೆ. ರೆಬೆಟಿಕೊ ಹಾಡುಗಾರರಂತೂ ಇದನ್ನೇ ಗಾಜಿನ ಲೋಟಕ್ಕೆ ಉಜ್ಜಿ ತಾಳ ಹಾಕುತ್ತಿದ್ದರು. (ನಮ್ಮಲ್ಲಿ ಜಪ ಮಾಡುವಾಗ ಗೋಮುಖಿ ಚೀಲದೊಳಗೆ ಕೈ ಇಟ್ಟು ಮಣಿ ಸರಿಸುತ್ತಾರಲ್ಲ... ಉದ್ದೇಶ ಬೇರೆ, ಆದರೆ ಕೈ ಯಾರಿಗೂ ಕಾಣದಿರಲಿ ಅನ್ನುವ ಉಪಾಯ ಎಷ್ಟು ಚೆನ್ನಾಗಿದೆ!)

ಇನ್ನು ಸ್ಪಿನ್ನರ್. ಅದು ಮಕ್ಕಳಾಟಿಕೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ 2014ರಲ್ಲಿ ಸ್ಕಾಟ್ ಮೆಕ್‌ಕಾಸ್ಕರಿ ಎಂಬ ಅಮೆರಿಕದ ಐಟಿ ಉದ್ಯೋಗಿ ತಿರುಗುವ ಲೋಹದ ಪಟ್ಟಿಯೊಂದನ್ನು ಮಾಡಿಕೊಂಡದ್ದು ಕಾನ್ಫರೆನ್ಸ್ ಕಾಲ್‌ಗಳಲ್ಲಿ ತನ್ನ ಕೈಗೆ ಕೆಲಸ ಕೊಡಲು. ನಮ್ಮವನೇ ಬಿಡಿ! 'ಟಾರ್ಕ್‌ಬಾರ್' ಅಂತ ಹೆಸರಿಟ್ಟು ಮಾರಿದ. 1997ರಲ್ಲಿ ಪೇಟೆಂಟ್ ಪಡೆದ ಕ್ಯಾಥರಿನ್ ಹೆಟಿಂಗರ್ ಇದರ ತಾಯಿ ಅಂತ ಪತ್ರಿಕೆಗಳು ಬರೆದವು. ಆಕೆಯದು ಬೆರಳ ತುದಿಯಲ್ಲಿ ತಿರುಗುವ ಗುಮ್ಮಟದಂಥ ಆಟಿಕೆ, ಅದರಲ್ಲಿ ಬೇರಿಂಗ್ ಇರಲಿಲ್ಲ. ಮೂರು ರೆಕ್ಕೆಯ ಅಗ್ಗದ ಸ್ಪಿನ್ನರ್ ಹೊಟ್ಟೆಯಲ್ಲಿರುವುದು ಸಾಮಾನ್ಯವಾಗಿ ಸ್ಕೇಟಿಂಗ್ ಚಕ್ರದ 608 ಬೇರಿಂಗ್, 22 ಮಿ.ಮೀ. ಅಗಲದ್ದು. 2017ರಲ್ಲಿ ಅದು ಮಕ್ಕಳ ಕೈ ಸೇರಿತು, ಎಷ್ಟೋ ಶಾಲೆಗಳು ನಿಷೇಧಿಸಿದವು. ತಪ್ಪೇನಿಲ್ಲ. ತಿರುಗುವುದನ್ನು ನೋಡದೆ ಇರುವುದು ಹೇಗೆ? ವಿಡಿಯೊ ಪಾಠ ನೋಡುತ್ತಾ ಸ್ಪಿನ್ನರ್ ತಿರುಗಿಸಿದವರಿಗೆ ಪಾಠ ಕಡಿಮೆ ನೆನಪಿತ್ತು ಅಂತ 2020ರ ಒಂದು ಅಧ್ಯಯನ ಹೇಳಿತು. ಅದಕ್ಕೂ ಮೊದಲು 2009ರಲ್ಲಿ ಪ್ಲಿಮತ್‌ನ ಜಾಕಿ ಆಂಡ್ರೇಡ್ 40 ಜನರಿಗೆ ಬೇಸರ ಹುಟ್ಟಿಸುವ ಫೋನ್ ಸಂದೇಶವೊಂದನ್ನು ಕೇಳಿಸಿದ್ದರು. ಕೇಳುತ್ತಾ ಕಾಗದದ ಮೇಲಿನ ಆಕೃತಿಗಳಿಗೆ ಪೆನ್ಸಿಲ್ ತೀಡಿದವರು 29% ಹೆಚ್ಚು ನೆನಪಿಟ್ಟುಕೊಂಡರು. ಇದನ್ನು ಮಾತ್ರ ಆ ಮ್ಯಾನೇಜರಿಗೆ ತೋರಿಸಬೇಕಿತ್ತು :-)

2016ರಲ್ಲಿ ಮೆಕ್‌ಲಾಕ್ಲನ್ ಸಹೋದರರು ಕಿಕ್‌ಸ್ಟಾರ್ಟರ್‌ನಲ್ಲಿ 'ಫಿಡ್ಜೆಟ್ ಕ್ಯೂಬ್'ಗೆ 15,000 ಡಾಲರ್ ಕೇಳಿದರು. ಬಂದದ್ದು 64 ಲಕ್ಷಕ್ಕೂ ಹೆಚ್ಚು! ಅದರ ಒಂದು ಮುಖದಲ್ಲಿ ಐದು ಗುಂಡಿಗಳು: ಮೂರು ಟಿಕ್ ಅನ್ನುತ್ತವೆ, ಎರಡು ಅನ್ನುವುದಿಲ್ಲ. ಆ ಎರಡನ್ನು ಇಟ್ಟವನು ಖಂಡಿತ ಯಾರಿಂದಲೋ ಬೈಸಿಕೊಂಡವನೇ. ಆದರೂ ದಾಳದಂಥ ಬಣ್ಣದ ಡಬ್ಬಿಯನ್ನು ಟೇಬಲ್ ಮೇಲಿಟ್ಟರೆ ಮತ್ತೆ ಎಲ್ಲರ ಕಣ್ಣು ಅದರ ಮೇಲೆಯೇ.

2009ರಲ್ಲಿ ದೊಡ್ಡವರ ಟೇಬಲ್ ಆಟಿಕೆ ಅಂತ ಬಂದ 'ಬಕಿಬಾಲ್ಸ್' ಮ್ಯಾಗ್ನೆಟ್ ಗುಂಡುಗಳ ಸುದ್ದಿಗೇ ಹೋಗಬೇಡಿ. ಮಕ್ಕಳು ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿನ ಗೋಡೆಗಳ ಆಚೀಚೆ ನಿಂತು ಒಂದನ್ನೊಂದು ಎಳೆದು ತೂತು ಮಾಡುತ್ತವೆ. 2012ರಲ್ಲಿ ಅಮೆರಿಕ ಸರ್ಕಾರ ದಾವೆ ಹೂಡಿದ ಮೇಲೆ ಆ ಕಂಪನಿ ಮಾರಾಟ ನಿಲ್ಲಿಸಿತು.

ಕೊನೆಗೆ ನಾನು ಹದಿನೇಳು ಮರದ ಮಣಿ ತಂದು ದಪ್ಪ ದಾರಕ್ಕೆ ಪೋಣಿಸಿಕೊಂಡೆ, ಎರಡು ಬೆರಳಗಲ ಖಾಲಿ ಬಿಟ್ಟು. ಪ್ಯಾಂಟ್ ಜೇಬಿನಲ್ಲಿ, ಟೇಬಲ್ ಕೆಳಗೆ ಆರಾಮಾಗಿ ಓಡುತ್ತದೆ. ನೀವೂ ಮಾಡುವುದಾದರೆ ಗಾಜಿನ ಮಣಿ ಬೇಡ. ಶಬ್ದವೂ ಜಾಸ್ತಿ, ದಾರ ಹರಿದು ಗ್ರಾನೈಟ್ ನೆಲಕ್ಕೆ ಬಿದ್ದರೆ ಇಡೀ ಫ್ಲೋರ್ ತಿರುಗಿ ನೋಡುತ್ತದೆ.