ಕೊಂಗುನಾಡಿನ ಸಾಂಕ್ರಾಮಿಕಗಳೂ ಗಾಳಿಯ ಪಾಠವೂ

ಕೊಯಮತ್ತೂರಿನಲ್ಲಿ ಪ್ಲೇಗು ಮಾರಿಯಮ್ಮನ ಗುಡಿಗಳು ಇಂದಿಗೂ ಪೂಜೆಗೊಳ್ಳುತ್ತಿವೆ. 20ನೆಯ ಶತಮಾನದ ಆದಿಭಾಗದಲ್ಲಿ ಆ ಮಹಾಮಾರಿಯು ಈ ಊರನ್ನು ಮತ್ತೆ ಮತ್ತೆ ಪೀಡಿಸಿದುದಕ್ಕೆ ಅವು ಸಾಕ್ಷಿಗಳಾಗಿವೆ. 1898ರಲ್ಲಿ ಬೆಂಗಳೂರಿಗೆ ಅದೇ ಜಾಡ್ಯವು ತಗುಲಿದಾಗ ಜನರು ಮನೆ ತೊರೆದು ಬಯಲಿನ ಗುಡಿಸಲುಗಳನ್ನು ಸೇರಿದ ಸಂಗತಿಯನ್ನು ಕನ್ನಡಿಗರು ಬಲ್ಲರು. ಇಲಿಯ ಚಿಗಟದಿಂದ ಬರುವ ರೋಗಕ್ಕೆ ಊರು ಬಿಡುವುದು ತಕ್ಕ ಉಪಾಯವೇ ಸರಿ. ಆದರೆ ಮನುಷ್ಯನ ಉಸಿರಿನಲ್ಲಿಯೇ ಸಂಚರಿಸುವ ರೋಗಕ್ಕೆ ಉಪಾಯವೇನು?

1957ರ ಮೇ ತಿಂಗಳಲ್ಲಿ ಸಿಂಗಾಪುರದಿಂದ ಮದರಾಸಿಗೆ ಬಂದ ಹಡಗಿನೊಡನೆ ಹೊಸ ಇನ್‌ಫ್ಲುಯೆಂಜಾ ನಮ್ಮ ದೇಶವನ್ನು ಪ್ರವೇಶಿಸಿತು. ವರ್ಷ ತುಂಬುವ ಮೊದಲೇ 44 ಲಕ್ಷಕ್ಕಿಂತ ಹೆಚ್ಚು ಜನರು ಅದಕ್ಕೆ ತುತ್ತಾದರೆಂದು ವರದಿಯಾಯಿತು. ಅದರ ವೈರಸ್ಸನ್ನು ಪರಿಶೀಲಿಸಿದ ಕೇಂದ್ರವು ದೂರದಲ್ಲೆಲ್ಲೋ ಇರಲಿಲ್ಲ. ಕೊಯಮತ್ತೂರಿಗೆ ನೆರೆಯ ನೀಲಗಿರಿಯ ಮೇಲೆ, 1907ರಲ್ಲಿ ಸ್ಥಾಪಿತವಾದ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿಯೇ ಇತ್ತು.

ಇಂತಹ ರೋಗಗಳು ಹರಡುವ ಬಗೆಯನ್ನು ಅಮೆರಿಕೆಯ ವಿಲಿಯಂ ವೆಲ್ಸ್ 1934ರಲ್ಲಿ ವಿವರಿಸಿದ್ದನು. ಕೆಮ್ಮಿದಾಗ ಹೊರಬೀಳುವ ದೊಡ್ಡ ಹನಿಗಳು ಬೇಗನೆ ನೆಲಕ್ಕೆ ಬೀಳುತ್ತವೆ. ಸಣ್ಣವಾದರೋ ಒಣಗಿ ಕಣಗಳಾಗಿ, ಮುಚ್ಚಿದ ಕೋಣೆಯಲ್ಲಿ ಹೊಗೆಯಂತೆ ಬಹುಕಾಲ ತೇಲುತ್ತವೆ. ಮಾತಿನಿಂದಲೂ ಬರಿಯ ಉಸಿರಿನಿಂದಲೂ ಇಂತಹ ಕಣಗಳು ಹೊರಡುತ್ತವೆ. ಈ ಮಾತಿಗೆ ಸಲ್ಲಬೇಕಾದ ಮನ್ನಣೆ ತಡವಾಗಿ ದೊರೆಯಿತು. 2020ರ ಮಾರ್ಚಿಯಲ್ಲಿ ಕೋವಿಡ್ ಗಾಳಿಯಲ್ಲಿ ಹರಡದೆಂದು ಸಾರಿದ ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ತನ್ನ ನಿಲುವನ್ನು ತಿದ್ದಿಕೊಂಡಿತು.

ಅದೇ ಕಾಲದಲ್ಲಿ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳು ಮುಖಗವಸುಗಳನ್ನು ಹೊಲಿದವು. ಕೊಯಮತ್ತೂರಿನ ಬಳಿಯ ಇರುಗೂರಿನಲ್ಲಿ 2021ರಲ್ಲಿ ಕೊರೊನಾ ದೇವಿಯ ವಿಗ್ರಹವೂ ಪ್ರತಿಷ್ಠಿತವಾಯಿತು. ಇದನ್ನು ಕಂಡು ನಗುವುದು ಸುಲಭ. ದಿಕ್ಕುಗಾಣದ ಜನರಿಗೆ ದೇವತೆಯು ಧೈರ್ಯವನ್ನಿತ್ತಿರಬಹುದು. ಆದರೆ ಕೋಣೆಯೊಳಗಿನ ಗಾಳಿಯನ್ನು ಬದಲಿಸುವ ಹೊಣೆ ಮನುಷ್ಯನದೇ.

ಆ ಕಾರ್ಯವೇನೋ ಸರಳವಾದುದು. ಎದುರುಬದುರು ಕಿಟಕಿಗಳನ್ನು ತೆರೆದರೆ ಹೊರಗಾಳಿಯು ಕಣಗಳನ್ನು ಚದುರಿಸುತ್ತದೆ. ಮುಖಗವಸು ಮೂಗು ಕೆನ್ನೆಗಳಿಗೆ ಸಂದಿಲ್ಲದಂತೆ ಕೂಡಬೇಕು. ಸಡಿಲವಾದ ಬಟ್ಟೆಯಿಂದ ಪ್ರಯೋಜನ ಅಲ್ಪ. ಲಸಿಕೆಯು ರೋಗದ ತೀವ್ರತೆಯನ್ನು ತಗ್ಗಿಸುತ್ತದೆ. ರೋಗಿಯು ಮನೆಯಲ್ಲಿಯೇ ಉಳಿಯಬೇಕು.

ಕಷ್ಟವಿರುವುದು ಈ ಕೊನೆಯ ಮಾತಿನಲ್ಲಿಯೇ. ಹೊಲಿದ ಉಡುಪಿನ ಲೆಕ್ಕದಲ್ಲಿ ಕೂಲಿ ಪಡೆಯುವವನು ಜ್ವರವೆಂದು ಮನೆಯಲ್ಲಿ ಕುಳಿತರೆ ಆ ದಿನದ ಅನ್ನಕ್ಕೆ ಸಂಚಕಾರ. ಮಗ್ಗವೂ ಅಡುಗೆಯೂ ಒಂದೇ ಸೂರಿನಡಿ ಇರುವ ನಮ್ಮ ದೇವಾಂಗ ನೇಕಾರನು ರೋಗಿಯನ್ನು ಬೇರೆ ಎಲ್ಲಿ ಮಲಗಿಸಿಯಾನು? ಊರು ಬಿಟ್ಟವರಿಗೆ ಅಂದು ಬಯಲಾದರೂ ಇತ್ತು. ಇಂದಿನ ದುಡಿಮೆಗಾರನಿಗೆ ಗಾಳಿಯಾಡುವ ಕಿಟಕಿಯೂ ರಜೆಯ ಕೂಲಿಯೂ ದೊರೆತಾಗಲೇ ವಿಜ್ಞಾನದ ಪಾಠವು ಸಾರ್ಥಕವಾದೀತು.