ಸೆಮಿನರಿಯೊಳಕ್ಕೆ ಕೇರಿ ಬಂದದ್ದು

ನಮ್ಮ ಸಾಸ್ವೆಹಳ್ಳಿ ಕಡೆಯ ಕೇರಿಗಳಿಂದ ಹುಡುಗರು ಹೊನ್ನಾಳಿಗೋ ಶಿವಮೊಗ್ಗಕ್ಕೋ ಓದೋಕೆ ಹೊರಟಾಗ ಅಜ್ಜಿಯರು ಕೇಳುವ ಮಾತೊಂದಿದೆ: "ಓದಿ ದೊಡ್ಡೋನಾದ್ಮೇಲೆ ನಮ್ಮನ್ನ ಗುರುತು ಹಿಡೀತೀಯೇನಪ್ಪಾ?" ಈ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಕ್ರೈಸ್ತರ ಉನ್ನತ ಶಿಕ್ಷಣದ ಚರಿತ್ರೆಯನ್ನು ಕೆದಕಬೇಕಾಗಿದೆ. ಪಾದ್ರಿಗಳು ಜಾತಿ ಕೆಡಿಸಿದರು ಅಂತ ಒಂದು ಗುಂಪು ಬೈಯುತ್ತದೆ. ಅಕ್ಷರ ಕೊಟ್ಟರು ಅಂತ ಇನ್ನೊಂದು ಗುಂಪು ಹೊಗಳುತ್ತದೆ. ಕಲಿತವರ ಒಳಗೆ ಏನು ಬದಲಾಯಿತು ಅಂತ ಕೇಳುವವರು ಕಡಿಮೆ.

ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷದ ಮೇಲೆ, 1844ರಲ್ಲಿ, ಅವರ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದ. ಊರು ಕೆರಳಿತು. 1846ರಲ್ಲಿ ಗುರು ಹರ್ಮನ್ ಮೋಗ್ಲಿಂಗ್ ಜೊತೆ ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಮರಳಿ ಬಂದು ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದ. ಕೊಡಗಿನಲ್ಲಿ ಹೊಲೆಯ ಕುಟುಂಬಗಳಿಗಾಗಿ ಮಿಷನ್ ಕಟ್ಟಿದ ಆನಂದಪುರ ಅವನ ಹೆಸರನ್ನೇ ಹೊತ್ತಿದೆ. ಅಗ್ರಹಾರದಿಂದ ಹೊರಟ ಒಬ್ಬನ ಓದು ಹಟ್ಟಿಯ ತನಕ ಬಂತಲ್ಲ, ಅದು ಸಣ್ಣ ಮಾತಲ್ಲ.

ಅದೇ ಕಾಲದ ಇನ್ನೊಂದು ಸಂಗತಿ ನೋಡಿ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಮಹಾರ ಹುಡುಗನೊಬ್ಬ ಅರ್ಜಿ ಹಾಕಿದ. ಮುಂಬಯಿ ಸರ್ಕಾರ ಸೇರಿಸಿಕೊಳ್ಳಲಿಲ್ಲ. ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರು ಅನ್ನೋದು ಅವರ ಲೆಕ್ಕ. ಹೀಗಿರುವಾಗ ಮಿಷನ್ ಶಾಲೆಯ ಬಾಗಿಲು ನಮ್ಮವರಿಗೆ ಎಷ್ಟು ದೊಡ್ಡದಾಗಿ ಕಂಡಿರಬೇಕು!

ಆದರೆ ಬಾಗಿಲು ತೆರೆದರೆ ಸಾಕೇ? ಒಳಗೆ ಕಲಿಸಿದ್ದೇನು? ಭಾರತದ ಕ್ರೈಸ್ತ ಪಂಡಿತರು ಬಹುಕಾಲ ಏಸುವನ್ನು ವೇದಾಂತದ ಮಾತಿನಲ್ಲಿ ವಿವರಿಸುವುದರಲ್ಲೇ ಮುಳುಗಿದ್ದರು. ಚರ್ಚಿನ ಚಾಪೆಯ ಮೇಲೆ ಕೂತವರಲ್ಲಿ ಬಹುಪಾಲು ಜನ ಕೇರಿಯವರು. ಪುಸ್ತಕದಲ್ಲಿ ಮಾತ್ರ ಉಪನಿಷತ್ತು. ತಮಿಳುನಾಡಿನ ಕೆಲವು ಊರುಗಳಲ್ಲಿ ಕ್ರೈಸ್ತರೊಳಗೇ ಸ್ಮಶಾನವೂ ಬೇರೆಬೇರೆ. ಶಿಲುಬೆ ಒಂದೇ, ಗುಂಡಿ ಎರಡು.

ಈ ಮೌನ ಒಡೆದದ್ದು ನಮ್ಮ ಬೆಂಗಳೂರಿನಲ್ಲಿ. 1910ರಲ್ಲಿ ಶುರುವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಕೇರಿ ಸೊಸೈಟಿಯಲ್ಲಿ 1981ರಲ್ಲಿ ಅಧ್ಯಾಪಕ ಅರವಿಂದ ನಿರ್ಮಲ್ ಒಂದು ಭಾಷಣ ಮಾಡಿದರು. ಅಲ್ಲಿ ಕೇರಿ ಅಂದರೆ ಇಂಗ್ಲಿಷ್ ಪಾದ್ರಿಯೊಬ್ಬರ ಹೆಸರು. ಆವತ್ತು ಮಾತ್ರ ಅದು ನಮ್ಮ ಅರ್ಥದ ಕೇರಿಯೇ ಆಯಿತು. ದಲಿತ ಮನೆತನದಿಂದ ಬಂದ ನಿರ್ಮಲ್, ಬ್ರಾಹ್ಮಣ್ಯದ ಗುಂಗಿನಲ್ಲಿರುವ ಈ ದೇವಶಾಸ್ತ್ರ ನಮ್ಮ ಜನರದ್ದಲ್ಲ ಎಂದರು. ಆಗ ಬಳಸಿದ ಪದ 'ಶೂದ್ರ'. ಮುಂದೆ ಅದು 'ದಲಿತ' ಆಯಿತು. ಪದ ತಿದ್ದಿಕೊಂಡ ಮೇಷ್ಟ್ರೂ ಕಲಿಯುತ್ತಿದ್ದರು ಅಂತಲೇ ಅರ್ಥ. ನೋವು ಮೊದಲು, ಶಾಸ್ತ್ರ ಆಮೇಲೆ ಅನ್ನೋದು ಅವರ ವಾದದ ತಿರುಳು. 1987ರಲ್ಲಿ ಮದರಾಸಿನ ಗುರುಕುಲ ಕಾಲೇಜಿನಲ್ಲಿ ದಲಿತ ದೇವಶಾಸ್ತ್ರದ ವಿಭಾಗವೇ ತೆರೆಯಿತು.

ಇದು ಕಾಲೇಜಿನ ಗೋಡೆಯೊಳಗೆ ತಾನಾಗಿ ಹುಟ್ಟಿದ್ದಲ್ಲ. 1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್, 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರ ಬೂಸಾ ಮಾತು, ಆಮೇಲೆ ನಮ್ಮ ಪಕ್ಕದ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಸಂಘಟನೆ. ಬೀದಿ ಮಾತಾಡಿದ ಮೇಲೇ ತರಗತಿ ಬಾಯಿಬಿಟ್ಟಿತು.

ಕಾನೂನು ಮಾತ್ರ ಹಿಂದೆಯೇ ಉಳಿಯಿತು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಗುರುತನ್ನು ಧರ್ಮಕ್ಕೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ ದಲಿತರನ್ನು ಇನ್ನೂ ಸೇರಿಸಿಲ್ಲ. ಊರು ಗುರುತು ಹಿಡಿಯುತ್ತದೆ, ಕಾಗದ ಹಿಡಿಯುವುದಿಲ್ಲ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಈ ಕಥೆ ಪಾದ್ರಿಗಳಿಗೆ ಮಾತ್ರ ಸೇರಿದ್ದಲ್ಲ. ನಿಮ್ಮ ತರಗತಿಯಲ್ಲಿ ಕೂತ ಹುಡುಗ ತನ್ನ ಅಜ್ಜ ಮಾಡುತ್ತಿದ್ದ ಕೆಲಸವನ್ನು ತಲೆ ತಗ್ಗಿಸದೆ ಹೇಳಬಲ್ಲನೇ? ನಾಳೆ ಬೆಳಗ್ಗೆ ಒಮ್ಮೆ ಕೇಳಿ ನೋಡಿ. ಅವನು ತಲೆ ತಗ್ಗಿಸಿದರೆ, ಕಲಿಯಬೇಕಾದವರು ನಾವು.