ಗುಪ್ತನಾಮದ ಮರೆಯಲ್ಲಿ

ಹೋದ ಚಳಿಗಾಲದ ಒಂದು ಭಾನುವಾರ ವಸಂತ್ ಕುಂಜ್‌ನ ಮನೆಯೊಂದರಲ್ಲಿ ನಮ್ಮ ಓದುಗರ ಕೂಟ ಸೇರಿತ್ತು. ದೆಹಲಿಯ ಕನ್ನಡಿಗರಿಗೆ ಆ ಬಡಾವಣೆ ಅಪರಿಚಿತವಲ್ಲ. ಅರಾವಳಿಯ ಕುರುಚಲು ಗುಡ್ಡದ ಅಂಚು; ಒಂದು ಕಡೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಇನ್ನೊಂದು ಕಡೆ 13ನೆಯ ಶತಮಾನದ ಸುಲ್ತಾನ್ ಗಢಿಯ ಗೋರಿ; ನಡುವೆ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಕಟ್ಟಿದ ಸಾಲು ಸಾಲು ಮನೆಗಳು. ವಿಮಾನವೊಂದು ತಲೆಯ ಮೇಲೆ ಹಾದರೆ ಮಾತು ನಿಲ್ಲಿಸಿ, ಸದ್ದು ಕರಗಿದ ಮೇಲೆ ಮುಂದುವರಿಸುವುದು ಅಲ್ಲಿಯವರಿಗೆ ರೂಢಿಯಾಗಿದೆ.

ಅಂದಿನ ಮಾತು ಕೂಟದ ಹಿರಿಯರೊಬ್ಬರ ಬರಹಗಳ ಕುರಿತದ್ದು. ಕೇಂದ್ರ ಸರ್ಕಾರದ ನೌಕರಿಯಲ್ಲಿ ಮೂವತ್ತು ವರ್ಷ ಸವೆಸಿದ ಅವರು ಅಷ್ಟೂ ಕಾಲ ಊರ ಕಡೆಯ ಸಣ್ಣ ಪತ್ರಿಕೆಯೊಂದಕ್ಕೆ ಬೇರೊಂದು ಹೆಸರಿನಲ್ಲಿ ಬರೆಯುತ್ತ ಬಂದವರು. ಬೇಸಿಗೆಯ ನೀರಿನ ಟ್ಯಾಂಕರ್, ಈರುಳ್ಳಿಯ ಬೆಲೆ, ಕಾವಲುಗಾರನ ಮಗಳ ಪರೀಕ್ಷೆ, ಮತದಾನದ ದಿನದ ಸಾಲು, ಮೆಟ್ಟಿಲ ಮೇಲೆ ಕೇಳಿದ ಜಗಳ, ಇವೇ ಅವರ ವಸ್ತು. ಆ ಹೆಸರಿನ ಹಿಂದೆ ಇರುವವರು ಯಾರೆಂದು ನಮ್ಮಲ್ಲಿ ನಾಲ್ಕೈದು ಮಂದಿಗೆ ಮಾತ್ರ ಗೊತ್ತು.

"ನಿವೃತ್ತಿಯಾಗಿ ಎರಡು ವರ್ಷವಾಯಿತಲ್ಲ ರಾಯರೇ, ಇನ್ನೇನು ಅಡ್ಡಿ? ಪುಸ್ತಕ ಮಾಡೋಣ, ಈ ಸಲ ನಿಮ್ಮ ಹೆಸರನ್ನೇ ಹಾಕೋಣ" ಎಂದೆವು.

"ಪುಸ್ತಕವಾಗುವುದಾದರೆ ಆಗಲಿ. ಹೆಸರು ಮಾತ್ರ ಅದೇ ಇರಲಿ" ಎಂದು ಅವರು ಕಾಫಿ ತರಲು ಒಳಗೆ ಎದ್ದುಹೋದರು.

ಭಯಕ್ಕೆ ಕಾರಣವೇ ಇಲ್ಲದ ಮೇಲೆ ಮರೆ ಯಾಕೆ? ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಉತ್ತರವನ್ನು ಅವರಿಂದ ಬಲವಂತವಾಗಿ ಪಡೆಯುವುದಕ್ಕಿಂತ, ಹೆಸರು ಮರೆಸಿ ಬರೆದ ಹಿಂದಿನವರ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಮೇಲೆನಿಸಿತು. ಈ ಲೇಖನ ಆ ತಿರುವಿಹಾಕುವಿಕೆಯ ಫಲ.

ಮೊದಲು ದೆಹಲಿಯ ಮಾತು. ರಾವ್ ತುಲಾರಾಂ ಮಾರ್ಗದ ಕರ್ನಾಟಕ ಸಂಘದಲ್ಲಿ ಹೊಸಬರೊಬ್ಬರು ಕಂಡರೆ ನಾವು ಕೇಳುವ ಮೊದಲ ಪ್ರಶ್ನೆ ಯಾವ ಊರು ಎಂಬುದು; ಎರಡನೆಯದು ಯಾವ ಮಿನಿಸ್ಟ್ರಿ ಎಂಬುದು. ಇಲ್ಲಿ ಮನುಷ್ಯನ ಹೆಸರಿಗೆ ಹುದ್ದೆ ಅಂಟಿಕೊಂಡೇ ಬರುತ್ತದೆ. ಆ ಹುದ್ದೆಗೆ ನಿಯಮಗಳಿವೆ. 1964ರ ಕೇಂದ್ರ ನಾಗರಿಕ ಸೇವೆಗಳ ನಡತೆ ನಿಯಮಗಳಲ್ಲಿ 8ನೆಯದು ಅಪ್ಪಟ ಸಾಹಿತ್ಯ, ಕಲೆ, ವಿಜ್ಞಾನದ ಬರಹಗಳಿಗೆ ಅವಕಾಶ ಕೊಡುತ್ತದೆ. 9ನೆಯದು ಸರ್ಕಾರದ ಇತ್ತೀಚಿನ ನೀತಿ ಅಥವಾ ಕ್ರಮವನ್ನು ನೌಕರನು ಟೀಕಿಸಕೂಡದೆನ್ನುತ್ತದೆ. ತನ್ನ ಹೆಸರಿನಲ್ಲಾಗಲಿ, ಹೆಸರಿಲ್ಲದೆಯಾಗಲಿ, ಗುಪ್ತನಾಮದಲ್ಲಾಗಲಿ, ಇನ್ನೊಬ್ಬರ ಹೆಸರಿನಲ್ಲಾಗಲಿ ಕೂಡದು ಎಂದು ಒಂದೊಂದನ್ನೂ ಎಣಿಸಿ ಹೇಳುತ್ತದೆ. ನಿಯಮ ಬರೆದವರಿಗೆ ಬರಹಗಾರರ ಜಾಡು ಚೆನ್ನಾಗಿಯೇ ತಿಳಿದಿತ್ತು. ಎಂದರೆ ಗುಪ್ತನಾಮವು ಕಾನೂನಿನ ಕಣ್ಣಿಗೆ ಕೊಡೆಯೇ ಅಲ್ಲ. ಈರುಳ್ಳಿಯ ಬೆಲೆಯ ಮೇಲಿನ ಪ್ರಬಂಧ ಸಾಹಿತ್ಯವೋ ಟೀಕೆಯೋ ಎಂಬುದನ್ನು ತೀರ್ಮಾನಿಸುವವರೂ ಮೇಲಿನವರೇ. ನಮ್ಮ ಹಿರಿಯರು ಮೂವತ್ತು ವರ್ಷ ನಡೆದದ್ದು ಈ ಗೆರೆಯ ಮೇಲೆ.

ಕನ್ನಡದಲ್ಲಿ ತನ್ನ ಹೆಸರು ಹಾಕದೆ ಬರೆಯುವ ರೂಢಿ ಅಚ್ಚಿನ ಯಂತ್ರಕ್ಕಿಂತ ಬಹಳ ಹಳೆಯದು. 12ನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತ ಬಸವಣ್ಣನವರು ತಮ್ಮ ವಚನಗಳಿಗೆ ಕೂಡಲಸಂಗಮದೇವನ ಅಂಕಿತವಿಟ್ಟರು. ಅಕ್ಕಮಹಾದೇವಿಯ ಅಂಕಿತ ಚೆನ್ನಮಲ್ಲಿಕಾರ್ಜುನ, ಪುರಂದರದಾಸರದು ಪುರಂದರವಿಠಲ. ಇದರಲ್ಲಿ ಅಡಗುವ ಉದ್ದೇಶವಿರಲಿಲ್ಲ; ವಚನವನ್ನು ಕೇಳಿದವರಿಗೆ ಹೇಳಿದವರಾರೆಂದು ಗೊತ್ತಿತ್ತು. ಆದರೂ ಮಾತಿನ ಒಡೆತನ ನನ್ನದಲ್ಲ ಎಂಬ ಸಂಕೋಚ ಅಲ್ಲಿದೆ. ಅದು ಮುಂದಿನ ಶತಮಾನಗಳಲ್ಲೂ ಕನ್ನಡ ಬರಹಗಾರನ ರಕ್ತದಲ್ಲಿ ಉಳಿಯಿತು. ಅಂಬಿಕಾತನಯದತ್ತ ಎಂದು ಬೇಂದ್ರೆಯವರು ತಾಯಿಯ ಹೆಸರನ್ನು ಮುಂದಿಟ್ಟುಕೊಂಡದ್ದೂ, ಮೈಸೂರಿನ ಅಧಿಕಾರಿಯಾಗಿದ್ದ ಮಾಸ್ತಿಯವರು ಕತೆಗಳಿಗೆ 'ಶ್ರೀನಿವಾಸ' ಎಂದು ರುಜು ಹಾಕಿದ್ದೂ ಈ ಸಂಕೋಚದ ಮುಂದುವರಿಕೆಯೇ.

ನಿಜವಾಗಿ ಅಡಗಿ ಕುಳಿತವನೆಂದರೆ ಮುದ್ದಣ. ನಂದಳಿಕೆಯ ಲಕ್ಷ್ಮೀನಾರಣಪ್ಪ 1870ರಲ್ಲಿ ಹುಟ್ಟಿದವನು, ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕ, ಬಡವ. 'ಅದ್ಭುತ ರಾಮಾಯಣ', 'ಶ್ರೀರಾಮ ಪಟ್ಟಾಭಿಷೇಕ', 'ಶ್ರೀರಾಮಾಶ್ವಮೇಧ'ಗಳನ್ನು ಬರೆದು, ಅವನ್ನು ಹಳೆಯ ಕವಿಯ ಕೃತಿಗಳೆಂಬಂತೆ ಮೈಸೂರಿನ ಪ್ರಕಾಶಕರಿಗೆ ಕಳುಹಿಸಿದ. ಡ್ರಿಲ್ ಮೇಷ್ಟರ ಕಾವ್ಯವನ್ನು ಪಂಡಿತರು ಗಂಭೀರವಾಗಿ ತೆಗೆದುಕೊಳ್ಳಲಾರರೆಂಬ ಅಳುಕು ಇದ್ದಿರಬೇಕು. 1901ರಲ್ಲಿ, 31ನೆಯ ವಯಸ್ಸಿಗೆ, ಕ್ಷಯ ಅವನನ್ನು ಒಯ್ದಿತು. ಸತ್ಯ ಎಲ್ಲರಿಗೂ ತಿಳಿದದ್ದು ಆಮೇಲೆ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದಿದೆ. 'ಶ್ರೀರಾಮಾಶ್ವಮೇಧ'ದ ಪುರಾಣಕಥೆಗೆ ಚೌಕಟ್ಟಾಗಿ ಬರುವುದು ಒಂದು ಮನೆಯ ಜಗಲಿ. ಮಳೆಗಾಲ, ಹೊರಗಿನಿಂದ ಬಂದ ಗಂಡ, ಅವನನ್ನು ಉಪಚರಿಸಿ ಕತೆ ಹೇಳೆಂದು ಕಾಡುವ ಹೆಂಡತಿ ಮನೋರಮೆ, ನಡುನಡುವೆ ಅವಳ ಕೊಂಕು, ತಕರಾರು, ನಗೆ. ಹಳೆಯ ಕವಿಯ ಮುಖವಾಡ ತೊಟ್ಟ ಮೇಲಷ್ಟೇ ಆ ಬಡ ಶಿಕ್ಷಕನಿಗೆ ದಾಂಪತ್ಯದ ಸಲ್ಲಾಪವನ್ನು ಕಾವ್ಯಕ್ಕೆ ತರುವ ಸಲಿಗೆ ಬಂತು. ಮುಖವಾಡ ಕಳಚಿದ ಮೇಲೆ ಏನಾಯಿತು? ಮನೋರಮೆಯೆಂದರೆ ಅವನ ಹೆಂಡತಿ ಕಮಲಾಬಾಯಿಯೇ ಎಂಬ ಮಾತು ಸಾಹಿತ್ಯ ಚರಿತ್ರೆಯೊಳಕ್ಕೆ ಬಂದು ಕುಳಿತಿತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಕೊನೆಗೆ ಮತ್ತೆ ಬೇಕಾಗುತ್ತದೆ.

20ನೆಯ ಶತಮಾನದ ಆರಂಭದಲ್ಲಿ ಹೆಸರಿನ ಪ್ರಶ್ನೆ ಅನ್ನದ ಪ್ರಶ್ನೆಯಾಯಿತು. 1908ರಲ್ಲಿ ಮೈಸೂರು ಸಂಸ್ಥಾನ ವೃತ್ತಪತ್ರಿಕೆಗಳ ಮೇಲೆ ನಿರ್ಬಂಧದ ಶಾಸನ ತಂದಿತು. ತಾತಯ್ಯನೆಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅದೇ ವರ್ಷ ಉತ್ತರದಲ್ಲಿ ಶಿಕ್ಷಣ ಇಲಾಖೆಯ ನೌಕರ ಧನಪತ್ ರಾಯ್ 'ನವಾಬ್ ರಾಯ್' ಎಂಬ ಹೆಸರಿನಲ್ಲಿ 'ಸೋಜ್-ಎ-ವತನ್' ಎಂಬ ಉರ್ದು ಕಥಾಸಂಕಲನ ಹೊರತಂದರು. ಹಮೀರ್‌ಪುರದ ಆಂಗ್ಲ ಅಧಿಕಾರಿ ಕರೆಸಿ ಗದರಿಸಿದ. ಉಳಿದ ಪ್ರತಿಗಳು ಬೆಂಕಿಗೆ ಹೋದವು. ನೌಕರಿ ಬಿಡುವ ಹಾಗಿಲ್ಲ, ಬರೆಯುವುದನ್ನೂ ಬಿಡಲಾಗದು. 'ಜಮಾನಾ' ಪತ್ರಿಕೆಯ ಸಂಪಾದಕ ದಯಾನಾರಾಯಣ ನಿಗಮರ ಸಲಹೆಯಂತೆ ಹುಟ್ಟಿದ ಹೊಸ ಹೆಸರೇ ಪ್ರೇಮಚಂದ್. ಇಂದು ದೆಹಲಿಯ ಶಾಲೆಗೆ ಹೋಗುವ ನಮ್ಮ ಮಕ್ಕಳು ಹಿಂದಿ ಪಾಠದಲ್ಲಿ ಓದುವ ಆ ಹೆಸರು ಒಬ್ಬ ಸರ್ಕಾರಿ ನೌಕರ ಸಂಬಳ ಉಳಿಸಿಕೊಳ್ಳಲು ಮಾಡಿದ ಉಪಾಯ.

ಕನ್ನಡದಲ್ಲಿಯೂ ಇಂಥವರಿದ್ದರು. ಸರ್ಕಾರಿ ನೌಕರಿಯಲ್ಲಿದ್ದ ರಾಯಸಂ ಭೀಮಸೇನರಾಯರು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಅಕ್ಷರಗಳಲ್ಲಿ 'ಬೀಚಿ' ಎಂದು ರುಜು ಹಾಕಿದರು. ಸಾಲದೆಂಬಂತೆ ತಿಂಮನೆಂಬ ಪೆದ್ದನನ್ನು ಸೃಷ್ಟಿಸಿ, ಹೇಳಬೇಕಾದ್ದನ್ನೆಲ್ಲ ಅವನ ಬಾಯಿಂದ ಹೇಳಿಸಿದರು. ಕಮ್ಯುನಿಸ್ಟ್ ಚಳವಳಿಗೆ ಧುಮುಕಿ ಕೆಲಕಾಲ ಭೂಗತರಾಗಿದ್ದ ಕುಳಕುಂದ ಶಿವರಾಯರು 'ನಿರಂಜನ'ರಾದರು. ಕಾಸರಗೋಡು ಸೀಮೆಯ ಕಯ್ಯೂರಿನ ರೈತ ಹೋರಾಟ, 1943ರಲ್ಲಿ ಗಲ್ಲಿಗೇರಿದ ನಾಲ್ವರ ಕತೆ 'ಚಿರಸ್ಮರಣೆ'ಯಾಗಿ 1955ರಲ್ಲಿ ಹೊರಬಂದದ್ದು ಆ ಹೆಸರಿನಲ್ಲಿ. ಕೊಡಗಿನ ಗೌರಮ್ಮ 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂದು ಬರೆದರು. ವಿಧವೆಯರ ಪಾಡನ್ನು ಕತೆಯಾಗಿಸಿದ ಹೆಣ್ಣುಮಗಳಿಗೆ ಸಮಾಜ ಬಿಟ್ಟುಕೊಟ್ಟ ಮರೆ ಗಂಡನ ಹೆಸರಿನದೇ.

ಹಾಗೆಂದು ಗುಪ್ತನಾಮವನ್ನು ಬರಿಯ ದುರ್ಬಲರ ಆಸರೆಯೆಂದುಕೊಂಡರೆ ತಪ್ಪಾಗುತ್ತದೆ. ವಸಂತ್ ಕುಂಜ್‌ನಿಂದ ಕಚೇರಿಗೆ ಹೋಗುವವರು ಚಾಣಕ್ಯಪುರಿಯನ್ನು ಹಾದುಹೋಗುತ್ತಾರೆ. ಆ ಹೆಸರು ಕಂಡಾಗ ನಮಗೆ ಇನ್ನೊಬ್ಬ ಚಾಣಕ್ಯ ನೆನಪಾಗುತ್ತಾನೆ. 1937ರ ನವೆಂಬರಿನಲ್ಲಿ ಕಲ್ಕತ್ತೆಯ 'ಮಾಡರ್ನ್ ರಿವ್ಯೂ' ಪತ್ರಿಕೆಯಲ್ಲಿ 'ರಾಷ್ಟ್ರಪತಿ' ಎಂಬ ಲೇಖನ ಪ್ರಕಟವಾಯಿತು. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಜವಾಹರಲಾಲ್ ನೆಹರೂ ಅವರ ಜನಪ್ರಿಯತೆ, ಗರ್ವ, ಅಸಹನೆಗಳನ್ನು ಬಿಡಿಸಿಟ್ಟು, ಈತ ಸರ್ವಾಧಿಕಾರಿಯಾಗುವ ಅಪಾಯವಿದೆ, ಮತ್ತೆ ಅಧ್ಯಕ್ಷನನ್ನಾಗಿ ಆರಿಸಬೇಡಿ ಎಂದು ಎಚ್ಚರಿಸಿದ ಲೇಖನವದು. ಬರೆದವರು 'ಚಾಣಕ್ಯ'. ಆ ಚಾಣಕ್ಯ ಸ್ವತಃ ನೆಹರೂ ಅವರೇ ಎಂಬುದು ಬಳಿಕ ಹೊರಬಿತ್ತು. ಗುಪ್ತನಾಮದಿಂದ ಪರರ ಮೇಲೆ ಕಲ್ಲು ಬೀರಿದವರು ಎಲ್ಲ ಕಾಲದಲ್ಲೂ ಇದ್ದಾರೆ; ಅದನ್ನು ತನ್ನೆಡೆಗೇ ತಿರುಗಿಸಿಕೊಂಡವರು ಅಪರೂಪ. ಮರೆಹೆಸರಿನ ಬರಹವನ್ನು ಅಳೆಯಲು ನಮಗೆ ಇದೊಂದು ಅಳತೆಗೋಲಾಗಿ ಕಾಣುತ್ತದೆ: ಬರೆದವನು ತನಗೇನಾದರೂ ರಿಯಾಯಿತಿ ಕೊಟ್ಟುಕೊಂಡಿದ್ದಾನೆಯೇ?

ಇನ್ನೊಂದು ನಿದರ್ಶನ ನಮ್ಮ ಕಾಲಕ್ಕೆ ಹತ್ತಿರದ್ದು. 1980ರಲ್ಲಿ ವಾರಪತ್ರಿಕೆ ಆರಂಭಿಸಿದ ಪಿ. ಲಂಕೇಶರು ಮಂತ್ರಿಗಳನ್ನೂ ಮಠಗಳನ್ನೂ ಕೆಣಕುವಾಗ ತಮ್ಮ ಹೆಸರನ್ನೇ ಹಾಕಿದರು. ಅದೇ ಪತ್ರಿಕೆಯಲ್ಲಿ ಪ್ರೀತಿ, ಒಂಟಿತನ, ಮುಪ್ಪುಗಳ ಬಗ್ಗೆ ಕಿರುಪದ್ಯ ಬರೆಯುವಾಗ 'ನೀಲು' ಎಂಬ ಹೆಣ್ಣಿನ ಹೆಸರಿಗೆ ಮೊರೆಹೋದರು. ಅಧಿಕಾರವನ್ನು ಎದುರಿಸಲು ಬೇಡವಾದ ಮರೆ ಮೆಲುದನಿಯಲ್ಲಿ ಮಾತನಾಡಲು ಬೇಕಾಯಿತು! ಮನುಷ್ಯ ತನ್ನ ಕೋಪಕ್ಕಿಂತ ತನ್ನ ಮೃದುತ್ವಕ್ಕೆ ಹೆಚ್ಚು ಅಂಜುತ್ತಾನೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನಮಗೆ ತಿಳಿದಿಲ್ಲ.

ತಮ್ಮ ಹೆಸರಿನಲ್ಲಿಯೇ ಬರೆದವರು ತೆತ್ತ ಬೆಲೆಯನ್ನೂ ಮರೆಯಲಾಗದು. 2015ರ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಲ್ಲಿ ಎಂ.ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆಯ ಮುಂದೆ ಲಂಕೇಶರ ಮಗಳು ಗೌರಿ. ಹೆಸರು ಹಾಕಿ ಬರೆಯುವುದೇ ಧೈರ್ಯ, ಹಾಕದಿರುವುದು ಹೇಡಿತನ ಎಂದು ದೂರದೂರಿನಲ್ಲಿ ಕುಳಿತ ನಾವು ಸುಲಭವಾಗಿ ಹೇಳಬಾರದು. ಎರಡಕ್ಕೂ ಅದರದರ ಲೆಕ್ಕವಿದೆ.

ಇಷ್ಟನ್ನು ಟಿಪ್ಪಣಿ ಮಾಡಿಕೊಂಡು, ವಿನಯ, ಅಳುಕು, ಸಂಬಳ, ಪೊಲೀಸರ ಭಯ, ಆತ್ಮಪರೀಕ್ಷೆ, ಮೃದುತ್ವ ಎಂದು ಕಾರಣಗಳ ಪಟ್ಟಿಯೊಂದಿಗೆ ಮುಂದಿನ ಕೂಟಕ್ಕೆ ಹೋದೆವು. ಹಿರಿಯರು ತಾಳ್ಮೆಯಿಂದ ಕೇಳಿದರು. ಎಲ್ಲವೂ ಸ್ವಲ್ಪ ಸ್ವಲ್ಪ ನಿಜವೆಂದರು.

"ಕಚೇರಿಯ ಕಡತದಲ್ಲಿ ಮೂವತ್ತು ವರ್ಷ ನನ್ನ ರುಜು ಇತ್ತು, ಆದರೆ ಎಲ್ಲೂ 'ನಾನು' ಎಂಬ ಪದವಿರಲಿಲ್ಲ. ಆ ಪದ ಬರೆಯಲಿಕ್ಕೆ ಒಂದು ಜಾಗ ಬೇಕಿತ್ತು. ಮೊದಲು ಹೆಸರು ಮರೆಸಿದ್ದು ಅಂಜಿಕೆಯಿಂದಲೇ, ಸುಳ್ಳು ಹೇಳುವುದಿಲ್ಲ" ಎಂದರು. ಮೇಲೆ ವಿಮಾನ ಹಾಯಿತು, ಸುಮ್ಮನಾದರು. ಆಮೇಲೆ ಮುಂದುವರಿಸಿದರು: "ಆದರೆ ಈಗ ನನ್ನ ಹೆಸರು ಹೊರಗೆ ಬಂದರೆ, ನನ್ನ ಜೊತೆಗೆ ಇನ್ನೆಷ್ಟು ಜನರ ಹೆಸರು ಹೊರಗೆ ಬರುತ್ತದೆ ನೋಡಿ. ಮೆಟ್ಟಿಲ ಮೇಲೆ ಅತ್ತ ಹೆಂಗಸು ಯಾವ ಮನೆಯವಳೆಂದು ಇಡೀ ಬ್ಲಾಕಿಗೆ ತಿಳಿಯುತ್ತದೆ. ಕಾವಲುಗಾರನ ಮಗಳು ಫೇಲಾದದ್ದು, ನನ್ನ ಮಗ ನನ್ನೊಡನೆ ಮಾತು ಬಿಟ್ಟದ್ದು, ಎಲ್ಲ. ಬರೆಯುವಾಗ ಅವರನ್ನು ನಾನು ಕೇಳಲಿಲ್ಲವಲ್ಲ. ನಾನು ನಿವೃತ್ತನಾದೆ, ಅವರು ಆಗಿಲ್ಲ."

ನಮಗೆ ಮನೋರಮೆಯ ನೆನಪಾಯಿತು. ರಾಜಕೀಯ ಬರೆಯುವವನನ್ನು ಗುಪ್ತನಾಮ ಕಾಪಾಡುತ್ತದೆ ಎಂದಷ್ಟೇ ನಾವು ತಿಳಿದಿದ್ದೆವು. ದಿನನಿತ್ಯದ ಬದುಕನ್ನು ಬರೆಯುವವನ ವಿಷಯದಲ್ಲಿ ಅದು ಅವನ ಸುತ್ತ ಬದುಕುವವರನ್ನು ಕಾಪಾಡುತ್ತದೆ. ಅವನ ಭಯ ತೀರಿದ ಮೇಲೂ ಆ ಹೊಣೆ ತೀರುವುದಿಲ್ಲ. ಮುದ್ದಣನ ಮರೆ ಸರಿದಾಗ ನಮಗೊಬ್ಬ ಮಹಾಕವಿ ಸಿಕ್ಕ. ಅದಕ್ಕೆ ನಾವು ಕೃತಜ್ಞರು. ಆದರೆ ಜಗಲಿಯ ಆ ನಗೆಯನ್ನು ಲೋಕದ ಮುಂದಿಡಲು ಕಮಲಾಬಾಯಿಯನ್ನು ಯಾರೂ ಕೇಳಿದಂತೆ ಕಾಣೆವು.

ಪುಸ್ತಕದ ಕೆಲಸ ನಡೆದಿದೆ. ಕರಡು ತಿದ್ದುವುದು ನಮ್ಮ ಪಾಲಿಗೆ ಬಂದಿದೆ. ಮುಖಪುಟದ ಮೇಲೆ ಹಳೆಯ ಹೆಸರೇ ಇರುತ್ತದೆ. ಲೇಖಕರ ಪರಿಚಯಕ್ಕೆಂದು ಬಿಟ್ಟ ಪುಟದಲ್ಲಿ ಏನು ಹಾಕೋಣವೆಂದು ಕೇಳಿದಾಗ, "ದೆಹಲಿಯಲ್ಲಿದ್ದಾರೆ ಎಂದು ಬರೆಯಿರಿ, ಸಾಕು" ಎಂದರು. ಹಾಗೆಯೇ ಬರೆದಿದ್ದೇವೆ.